ಮೂರು ಮೊಳ ದಾರಿ

ನನ್ನ ಮೊಳ ಹದಿನಾರೂ ಕಾಲು ಇಂಚು. ನನ್ನ ಮಗಳು ಟೇಪು ಹಿಡಿದು ಅಳೆದು, ಅಡಗಿ ಮನಿ ಗ್ವಾಡಿ ಮ್ಯಾಲೆ ಪೆನ್ನಿಲೆ ಬರೆದಿಟ್ಟಾಳ. ಅದರ ಕೆಳಗ ನನ್ನ ಗೇಣು, ಎಂಟು ಇಂಚಿಗೆ ಒಂದಿಷ್ಟು ಹೆಚ್ಚು. ಅದರ ಕೆಳಗ ನನ್ನ ನಾಲ್ಕು ಬೆರಳು, ಎರಡೂಮುಕ್ಕಾಲು ಇಂಚು. ಮನಿಗೆ ಬಂದವರು ಅದನ್ನ ನೋಡಿ, ಇದೇನಬೇ, ಗ್ಯಾಸಿನ ನಂಬರೇನು ಅಂತ ಕೇಳತಾರ. ಅಲ್ಲ, ನನ್ನ ಕೈ ಅಂತೇನಿ.

ಮಗಳು ಟೇಲರ್. ಸಿಂದಗಿ ಬಸ್‌ಸ್ಟ್ಯಾಂಡಿನ ಹತ್ತಿರ ಆಕಿದೊಂದು ಸಣ್ಣ ಅಂಗಡಿ ಐತಿ. ಮೂರು ವರ್ಷದಾಕಿ ಇದ್ದಾಗ ಪೋಲಿಯೋ ಆಗಿ ಎರಡೂ ಕಾಲು ಸೋತವು. ಈಗ ಬಾಜೂಕ ಎರಡು ಗಾಲಿ ಹೆಚ್ಚಿಗೆ ಹಚ್ಚಿದ ಸ್ಕೂಟಿ ಮ್ಯಾಲೆ ದಿನಾ ಊರಿಂದ ಹೋಗಿ ಬರತಾಳ. ಲಗ್ನ ಆಗಲಿಲ್ಲ. ಆಗಲಿಲ್ಲ ಅಂತ ಅತ್ತವರಲ್ಲ ನಾವು. ಆಕಿ ದುಡಿತಾಳ, ನಾ ರೊಟ್ಟಿ ಬಡಿತೇನಿ, ಇಬ್ಬರೂ ಉಣ್ಣತೇವಿ.

ಗ್ವಾಡಿ ಮ್ಯಾಲೆ ಬರೆದದ್ದು ಯಾಕಂದರ, ಆಕಿ ಅಂಗಡಿಯಿಂದ ಹೇಳಿ ಕಳಿಸಿದ ಬಟ್ಟಿಯನ್ನ ನಾ ಒಮ್ಮೆ ನನ್ನ ಮೊಳದಲೆ ಅಳೆದು ಹರಿದು ಕೊಟ್ಟಿದ್ದೆ. ಎಂಟು ಮೊಳದ ಲೆಕ್ಕ. ಆಕಿ ಹೇಳಿದ್ದು ಅಂಗಡಿ ಮೊಳ, ಒಂದಕ್ಕ ಹದಿನೆಂಟು ಇಂಚು. ನಾ ಹರಿದದ್ದು ನನ್ನ ಕೈ ಮೊಳ. ಪರದೆ ಕಿಟಕಿಗೆ ಮುಟ್ಟಲಿಲ್ಲ. ಅಂದಿನಿಂದ ನನ್ನ ಕೈಯನ್ನ ಇಂಚಿಗೆ ಇಳಿಸಿ ಬಿಟ್ಟಾಳ.

ನಾ ಸಾಲಿ ಕಲಿತದ್ದು ಎರಡನೆತ್ತಾ ತನಕ, ಇಂಗಳೇಶ್ವರದ ಕಡೆ ನನ್ನ ತವರು ಮನ್ಯಾಗ. ಅಕ್ಷರ ಕೂಡಿಸಿ ಕೂಡಿಸಿ ಓದತೇನಿ, ಬರೀತೇನಿ. ಲೆಕ್ಕ ಮಾತ್ರ ಸಾಲ್ಯಾಗ ಕಲಿತದ್ದಲ್ಲ. ಹನ್ನೆರಡು ಬೆರಳಿಗೆ ಒಂದು ಗೇಣು. ಎರಡು ಗೇಣಿಗೆ ಒಂದು ಮೊಳ. ಎರಡು ಮೊಳಕ್ಕ ಒಂದು ಗಜ. ನಾಲ್ಕು ಮೊಳಕ್ಕ ಒಂದು ಮಾರು. ಇಷ್ಟು ಎಲ್ಲಾರಿಗೂ ಒಂದೇ. ಇಂಡಿ ಸಂತಿಗೆ ಹೋದರೂ ಇದೇ, ಮುದ್ದೇಬಿಹಾಳ ಸಂತಿಗೆ ಹೋದರೂ ಇದೇ. ಆದರ ಮೊಳ ಯಾರದು ಅನ್ನೋದರ ಮ್ಯಾಲೆ ಎಲ್ಲಾ ನಿಂತಿರತೈತಿ. ಹೂವಿನಾಕಿ ತನ್ನ ಸಣ್ಣ ಮಗಳನ್ನ ಕೂಡಿಸಿ ಹೋದಳಂದರ ಆವತ್ತು ಮಾಲಿ ಗಿಡ್ಡ. ಇದು ಯಾರಿಗೆ ಗೊತ್ತಿಲ್ಲ?

ನನಗ ಇದು ಗೊತ್ತಾದದ್ದು ಬಾವಿ ಕಟ್ಟಿ ಮ್ಯಾಲೆ.

ಲಗ್ನ ಆಗಿ ಈ ಊರಿಗೆ ಬಂದು ತಿಂಗಳಾಗಿತ್ತು. ಹಳೇ ಹಗ್ಗ ಕಡಿದು ಕೊಡ ಬಾವ್ಯಾಗ ಬಿತ್ತು. ಅತ್ತಿ ನನಗ, ಹದಿನೆಂಟು ಮೊಳ ಹಗ್ಗ ಬೇಕು ನೋಡು, ಮನ್ಯಾಗ ಪುಂಡಿ ನಾರು ಐತಿ, ಹೊಸಿ ಅಂದಳು. ಹೊಸೆದೆ. ಅಂಗೈ ಸುಲಿದು ಹೋದವು. ಹೊಸೆದು, ನನ್ನ ಕೈಲೆ ಹದಿನೆಂಟು ಮೊಳ ಎಣಿಸಿ, ಮ್ಯಾಲೆ ಗಂಟು ಹಾಕಿ, ಬಾವಿಗೆ ಹೋದೆ. ಕೊಡ ಇಳೀತು, ಇಳೀತು, ನೀರಿಗೆ ಎರಡು ಮೊಳ ಮ್ಯಾಲೆ ನಿಂತು ತೂಗಾಡಾಕತ್ತಿತು. ನೀರು ಕಾಣತೈತಿ, ಕೊಡ ಮುಟ್ಟಂಗಿಲ್ಲ. ಬಾವಿಗೆ ಬಂದ ಹೆಂಗಸರೆಲ್ಲಾ ನಕ್ಕರು. ಹೊಸ ಸೊಸಿ ಬಾವಿಗೆ ತೊಟ್ಟಿಲಾ ಕಟ್ಯಾಳ ಅಂದರು.

ಆಗ ಮಗ್ಗಲ ಮನಿ ದೊಡ್ಡವ್ವ ಬಂದಳು. ನಮ್ಮ ಮನಿಗೂ ಅವರ ಮನಿಗೂ ಎಷ್ಟೋ ತಲಿಮಾರಿನ ಬಳಕಿ. ಅವರ ರಂಜಾನಿನ ಸುರಕುಂಬಾ ನಮ್ಮ ಮನ್ಯಾಗ, ನಮ್ಮ ಎಳ್ಳಮಾಸಿ ಭಜ್ಜಿ ಅವರ ಮನ್ಯಾಗ. ಎತ್ತರದ ಹೆಂಗಸು, ಬಾಗಿಲದಾಗ ತಲಿ ಬಗ್ಗಿಸಿ ಬರತಿದ್ದಳು. ಮೊಣಕೈಯಿಂದ ಬೆರಳಿನ ತುದಿ ತನಕ ಕೈ ಅನ್ನೋದು ಒಂದು ಕೋಲು ಇದ್ದಂಗಿತ್ತು. ನನ್ನ ಹಗ್ಗ ಕೈಯಾಗ ತಗೊಂಡು ಎಣಿಸಿದಳು. ಹದಿನೈದೂ ತುಂಬಲಿಲ್ಲ.

“ಅವ್ವಾ, ಈ ಬಾವಿ ತೋಡಿದವರು ಗಂಡಸರು. ಹದಿನೆಂಟು ಮೊಳ ಅಂದವರೂ ಅವರೇ. ನೀ ನಿನ್ನ ಕೈಲೆ ಅಳೆದರ ನೀರು ಮ್ಯಾಲೆ ಬರತೈತೇನು?”

ಅಷ್ಟಂದು ತನ್ನ ಹಗ್ಗದ ತುದಿಯಿಂದ ಒಂದು ಮಾರು ಕೊಯ್ದು ನನ್ನದಕ್ಕ ಕಟ್ಟಿ ಕೊಟ್ಟಳು. ಹೊಸ ಹಗ್ಗ ಅದು. ಅತ್ತಿಗೆ ಹೇಳಬ್ಯಾಡ ಅಂತ ನಾ ಕೇಳಿಕೊಳ್ಳೋದರೊಳಗ ಆಕಿನೇ ಅತ್ತಿಗೆ ಹೇಳಿ ಬಂದಿದ್ದಳು. ಬೈಯಬ್ಯಾಡ, ಹುಡುಗಿ ಹೊಸೆದದ್ದು ಗಟ್ಟಿ ಐತಿ, ಕೈ ಗಿಡ್ಡ ಇದ್ದದ್ದು ಆಕಿ ತಪ್ಪಲ್ಲ ಅಂತ.

ನಮ್ಮ ಅತ್ತಿ ಕೈ ನನಗಿಂತ ಗಿಡ್ಡ. ಆಕಿ ಬೈಯೋದಾದರೂ ಹ್ಯಾಂಗ ಬೈದಾಳು.

ಇನ್ನು ದಾರಿ ಮಾತಿಗೆ ಬರತೇನಿ. ನಮ್ಮ ಮನಿ ದೊಡ್ಡವ್ವನ ಮನಿ ಹಿಂದ ಐತಿ. ನಾ ಬರೋಕಿಂತ ಮೊದಲು ನಮ್ಮವರು ಹಿಂದಿನ ಹೊಲದಾಗಿಂದ ಹಾದು ಓಣಿಗೆ ಬರತಿದ್ದರಂತ. ನಾ ಬಂದ ವರ್ಷ ಆ ಹೊಲದವರು ಬೇಲಿ ಹಾಕಿದರು. ಹೊರಗ ಬರಾಕ ದಾರಿನೇ ಇಲ್ಲ. ದೊಡ್ಡವ್ವನ ಮನಿಗೂ ಆ ಕಡೆ ಹಳೇ ಗರಡಿ ಮನಿ ಕಲ್ಲಿನ ಗ್ವಾಡಿಗೂ ನಡುವ ಅವರದೇ ಖಾಲಿ ಜಾಗ ಇತ್ತು, ದನ ಕಟ್ಟತಿದ್ದರು. ಅತ್ತಿ ಹೋಗಿ ಅದರಾಗ ದಾರಿ ಕೇಳಿದಳು. ದೊಡ್ಡವ್ವನ ಗಂಡ ಆಗಲೇ ತೀರಿಕೊಂಡಿದ್ದ, ಮನಿ ಯಜಮಾನಿಕಿ ಆಕಿದೇ. ಹೂಂ ಅಂದಳು. ಎಷ್ಟು ಬೇಕು ಅಂತ ಕೇಳಿದಳು.

ಕೇಳುವವರು ತಮ್ಮ ಕೈಲೆ ಅಳೆದು ತೋರಿಸಬೇಕು. ಕೊಡುವವರು ತಮ್ಮ ಕೈಲೆ ಅಳೆದು ಕೊಡಬೇಕು. ಹಗ್ಗ ಇರಲಿ, ಖಣ ಇರಲಿ, ಜಾಗ ಇರಲಿ, ನಮ್ಮ ಕಡೆ ಮಂದಿ ಹಿಂಗ ಮಾಡತಿದ್ದರು. ಬೇಡುವವರ ಕೈ ಹೆಚ್ಚಿಗಿ ಚಾಚಬಾರದು, ಕೊಡುವವರ ಕೈ ಮುದುಡಬಾರದು, ಅಷ್ಟೇ ಅದರ ಅರ್ಥ. ಅತ್ತಿ ಕಲ್ಲಿನ ಗ್ವಾಡಿಗೆ ಮೊಣಕೈ ಹಚ್ಚಿ, ನೆಲದ ಮ್ಯಾಲೆ ಮೂರು ಸಲ ಕೈ ಇಟ್ಟು, ಇಷ್ಟು ಸಾಕವ್ವ ಅಂದಳು. ನಾ ಹಿಂದಿಂದ ಬೂದಿ ಹಾಕಿ ಗೆರಿ ಎಳೆದೆ. ಅಕ್ಷರ ಬಲ್ಲ ಒಬ್ಬ ಹಿರಿಯ ಕಟ್ಟಿ ಮ್ಯಾಲೆ ಕುಂತು ಕಾಗದ ಬರೆದ. ದಾರಿ, ಅಗಲ ಮೊಳ ಮೂರು. ನಾಲ್ಕು ಮಂದಿ ಹೆಬ್ಬಟ್ಟು ಒತ್ತಿದರು. ಕಾಗದ ಬೇಕಂದವಳು ದೊಡ್ಡವ್ವನೇ. ನಾನೂ ಸಾಯತೇನಿ, ನೀನೂ ಸಾಯತಿ, ಮುಂದಿನವರಿಗೆ ಬಾಯಿ ಮಾತು ಯಾವ ಲೆಕ್ಕ ಅಂದಿದ್ದಳು.

ಹೆಬ್ಬಟ್ಟು ಒತ್ತಿ ಎದ್ದು ಬಂದು ಆಕಿ ಗೆರಿ ನೋಡಿದಳು. ನೋಡಿ, ಕಾಲಿಲೆ ನನ್ನ ಬೂದಿ ಗೆರಿ ಅಳಿಸಿ ಬಿಟ್ಟಳು.

“ಇದರಾಗ ಹೆಣ ಹ್ಯಾಂಗ ಹೊರತೀರಿ? ಹೊರಾಕ ನಾಲ್ಕು ಹೆಗಲ ಬ್ಯಾಡೇನು? ಬಾಣಂತಿ ಬರಬೇಕು, ಬಂಡಿ ಬರದಿದ್ದರೂ ಹೊರೆ ಹುಲ್ಲು ಬರಬೇಕು.”

ನೆಲಕ್ಕ ಮೊಣಕಾಲೂರಿ ತನ್ನ ಕೈ ಇಟ್ಟಳು. ಒಂದು ಮೊಳ. ಬೆರಳಿನ ತುದಿ ಮುಂದ ಎಡಗೈ ಬೆರಳೊಂದು ಗುರ್ತಿಗೆ ಅಡ್ಡ ಇಟ್ಟು, ಆ ಬೆರಳಿನ ಆಚೆ ಮತ್ತ ಮೊಣಕೈ. ಎರಡು. ಮತ್ತ ಬೆರಳು. ಮೂರು. ಬೆರಳಿನ ಅಗಲ ಪ್ರತಿ ಸಲ ಕೊಡುವವರಿಗೆ ಕಡಿಮಿ ಆಗತೈತಿ, ತಗೊಳ್ಳುವವರಿಗೆ ಹೆಚ್ಚಿಗಿ ಬರತೈತಿ. ನನ್ನ ಗೆರಿಗಿಂತ ಒಂದೂವರಿ ಗೇಣು ಆಚೆಗೆ ಹೋಗಿ ನಿಂತಳು. ಇಲ್ಲಿ ಹಾಕು ಬೂದಿ ಅಂದಳು. ಹಾಕಿದೆ. ಅಲ್ಲೇ ಅವರು ಮಣ್ಣಿನ ಗ್ವಾಡಿ ಕಟ್ಟಿಸಿದರು. ಕಾಗದದಾಗ ಮೂರು ಮೊಳ ಅಂತಿತ್ತು, ನೆಲದ ಮ್ಯಾಲೂ ಮೂರು ಮೊಳನೇ ಇತ್ತು. ತಿದ್ದುವಂಥದ್ದು ಏನೂ ಯಾರಿಗೂ ಕಾಣಲಿಲ್ಲ. ಅಲ್ಲೇ ತಪ್ಪಿದ್ದು.

ಆ ದಾರಿಲೆ ನನ್ನ ಅತ್ತಿ ಹೆಣ ಹೋತು, ಗಂಡನ ಹೆಣ ಹೋತು. ನಾಲ್ಕು ಹೆಗಲ ಎಲ್ಲೂ ತಿಕ್ಕಲಿಲ್ಲ. ಮಗಳನ್ನ ಹೊಟ್ಟ್ಯಾಗ ಇಟ್ಟುಕೊಂಡು ತವರಿಗೆ ಹೋದದ್ದು, ಕೂಸು ಎತ್ತಿಕೊಂಡು ಬಂದದ್ದು ಅದೇ ದಾರಿ. ಕಾಲು ಹೋದ ಮ್ಯಾಲೆ ಆಕಿನ್ನ ಬೆನ್ನಿಗೆ ಕಟ್ಟಿಕೊಂಡು ಸಾಲಿಗೆ ಒಯ್ದದ್ದೂ ಅದೇ. ದೊಡ್ಡವ್ವ ತನ್ನ ಕಟ್ಟಿ ಮ್ಯಾಲಿಂದ ದಿನಾ ಕೇಳತಿದ್ದಳು, ಇವತ್ತೇನು ಕಲಿತಿ ಅಂತ. ಮಗಳು ಬೆನ್ನ ಮ್ಯಾಲಿಂದಲೇ ಮಗ್ಗಿ ಹೇಳತಿತ್ತು.

ಮಗಳಿಗಂತ ಒಂದು ಕೌದಿ ಹೊಲಿದೆವು, ನಾನೂ ದೊಡ್ಡವ್ವನೂ ಕೂಡಿ. ಕೂತಲ್ಲೇ ಕೂಡುವ ಕೂಸು, ಚಾಪಿ ಮ್ಯಾಲೆ ತೊಡಿ ಒತ್ತತಾವ, ದಪ್ಪಂದು ಬೇಕು ಅಂತ ದೊಡ್ಡವ್ವನೇ ಹಟ ಹಿಡಿದಳು. ಎರಡೂ ಮನಿ ಹಳೇ ಸೀರಿ, ಕುಬಸ, ಧೋತರ ಎಲ್ಲಾ ಕೂಡಿಸಿದೆವು. ಸೂಜಿ ನಂದು, ಅಳತಿ ಆಕಿದು. ಆ ಹಗ್ಗದ ಸಂಗತಿ ಆದ ಮ್ಯಾಲೆ ಆಕಿ ನನ್ನ ಕೈಲೆ ಏನನ್ನೂ ಅಳತಿ ಮಾಡಿಸಲಿಲ್ಲ. ಮೂರು ಮೊಳ ಅಗಲ, ಐದು ಮೊಳ ಉದ್ದ. ಕಡಿ ಮೂಲಿ ಹೊಲಿದು ಮುಚ್ಚೋ ಮೊದಲು ಒಳಗ ರೊಟ್ಟಿ ಚೂರು ಇಟ್ಟೆವು. ಕೌದಿ ಹೊಟ್ಟಿ ಖಾಲಿ ಇರಬಾರದು. ಆ ಕೌದಿ ಇವತ್ತಿಗೂ ಐತಿ. ಮ್ಯಾಲಿನ ಪದರ ಎರಡು ಸಲ ಬದಲಿ ಮಾಡೇನಿ, ಒಳಗಿಂದು ಅದೇ.

ದೊಡ್ಡವ್ವ ಹೋಗಿ ಬಾಳ ವರ್ಷ ಆತು. ಆಕಿ ಮಗನೂ ಹೋದ. ಈಗ ಆ ಮನ್ಯಾಗ ಸೊಸಿ ಇದ್ದಾಳ, ನನಗಿಂತ ಹತ್ತು ವರ್ಷ ಸಣ್ಣಾಕಿ, ನನಗ ಅಕ್ಕಾ ಅಂತಾಳ. ಆಕಿ ಮಗ, ಅಂದರ ದೊಡ್ಡವ್ವನ ಮೊಮ್ಮಗ, ಗೌಂಡಿ. ಇಂಡಿ, ಸಾಲೋಟಗಿ, ಬಾಗೇವಾಡಿ ತನಕ ಮನಿ ಕಟ್ಟಸತಾನ. ಒಳ್ಳೇ ಹುಡುಗ. ಹುಡುಗ ಅಂದೇನಿ, ಆದರ ತಲ್ಯಾಗ ಬಿಳಿ ಕೂದಲು ಬಂದಾವ.

ಹೋದ ಮಳಿಗಾಲದಾಗ ಅವರ ಮಣ್ಣಿನ ಗ್ವಾಡಿ ಬಿತ್ತು. ಇನ್ನ ಊರ ಮಂದಿ ಮನಿ ಕಟ್ಟಿದ್ದು ಸಾಕು, ನಮ್ಮದು ಕಟ್ಟು ಅಂತ ಅವ್ವ ಅಂದಳು. ಜೆಸಿಬಿ ಬಂತು. ಅರ್ಧ ದಿನದಾಗ ಹಳೇ ಮಣ್ಣು, ಹಳೇ ಪಾಯಾ ಎಲ್ಲಾ ಕೆರೆದು ಎತ್ತಿ ಒಯ್ದು ಬಿಟ್ಟಿತು. ನಾವೂ ನೋಡಕೋತ ನಿಂತಿವಿ. ಗ್ವಾಡಿ ಎಲ್ಲಿತ್ತು ಅಂತ ಒಂದು ಗುರ್ತು ಸುದ್ದಾ ಉಳಿಯಲಿಲ್ಲ. ಊರೆಲ್ಲಾ ಅಳೆಯೋ ಗೌಂಡಿ ತನ್ನ ಮನಿ ಅಳೆಯೋದು ಮರೆತ.

ಆಮ್ಯಾಲೆ ಒಂದು ಮುಂಜಾನೆ ಟ್ರಂಕಿನಾಗಿಂದ ಕಾಗದ ತಗೊಂಡು ಬಂದ. ಅಗಲ ಮೊಳ ಮೂರು. ಮೊಬೈಲ್‌ನಾಗ ನೋಡಿದ. ಒಂದು ಮೊಳಕ್ಕ ಒಂದೂವರಿ ಫೂಟು. ಮೂರು ಮೊಳಕ್ಕ ನಾಲ್ಕೂವರಿ. ಗರಡಿ ಮನಿ ಕಲ್ಲಿನ ಗ್ವಾಡಿಯಿಂದ ಟೇಪು ಹಿಡಿದು ಸುಣ್ಣದ ಗೆರಿ ಹಾಕಿ, ನನ್ನ ಕರೆದು, ಆಯಿ ನೋಡ್ರಿ, ಸರಿ ಐತಿಲ್ಲೋ ಅಂತ ಕೇಳಿದ.

ಮಗಳ ಸ್ಕೂಟಿ ಅಗಲ ಮೂರು ಫೂಟು ಒಂಬತ್ತು ಇಂಚು. ನಾಲ್ಕೂವರಿ ಇದ್ದರ ಸೀದಾ ಬರಾಕ ಅಡ್ಡಿ ಇಲ್ಲ. ಆದರ ದಾರಿ ಮುಗಿದಲ್ಲಿ ಅವರ ಗ್ವಾಡಿ ಮೂಲಿ ಸುತ್ತಿ ನಮ್ಮ ಬಾಗಿಲಿಗೆ ಹೊಳ್ಳಬೇಕು. ಮೊದಲು ಒಂದೇ ಸಲಕ್ಕ ಹೊಳ್ಳತಿದ್ದಳು. ನಾಲ್ಕೂವರ್ಯಾಗ ಹೊಳ್ಳಬೇಕಂದರ ಇಳಿದು ಗಾಡಿ ಹಿಂದ ಸರಿಸಬೇಕು, ಮತ್ತ ಮುಂದ ತರಬೇಕು. ನಡುದಾರ್ಯಾಗ ಇಳಿಯೋದು ಆಕಿಗೆ ಆಗಂಗಿಲ್ಲ. ಸರಿಸೋದು ನನಗ ಆಗಂಗಿಲ್ಲ. ನಾ ಹೋದ ಮ್ಯಾಲೆ ಅಂತೂ ಯಾರು?

ಗೆರಿ ನೋಡಿದೆ. ನೋಡಿ ಇದ್ದದ್ದು ಹೇಳಿದೆ. ಕಾಗದದಾಗ ಬರೆದ ಮೊಳ ನಮ್ಮ ಅತ್ತಿದು, ಹದಿನಾರು ಇಂಚೂ ತುಂಬಂಗಿಲ್ಲ, ಅದರಲೆ ಹಿಡಿದರ ದಾರಿ ನಾಲ್ಕು ಫೂಟಿಗೂ ಕಡಿಮಿ. ಗ್ವಾಡಿ ಕಟ್ಟಿದ್ದು ನಿಮ್ಮ ಅಜ್ಜಿ ಮೊಳದ ಮ್ಯಾಲೆ, ಅದರಲೆ ಹಿಡಿದರ ಐದು ಫೂಟು. ನೀ ಹಾಕಿದ ಗೆರಿ ಎರಡೂ ಅಲ್ಲ.

ಅವ ಟೇಪು ಸುತ್ತಿ ಕೈಯಾಗ ಹಿಡಿದು ನಿಂತ.

“ಆಯಿ, ನೀವು ಕಡಿಮಿ ಕೇಳಾಕತ್ತೀರೋ, ಹೆಚ್ಚಿಗಿ ಕೇಳಾಕತ್ತೀರೋ?”

“ಕೇಳಾಕತ್ತಿಲ್ಲಪಾ, ಹೇಳಾಕತ್ತೇನಿ.”

ಅವಂದೂ ಸುಳ್ಳಲ್ಲ. ಆ ಕಡೆಗೆ ಅವ ಮ್ಯಾಲೆ ಹೋಗೋ ಪಾವಟಿಗಿ ಹಾಕಿದ್ದ ನಕ್ಷ್ಯಾಗ. ಅರ್ಧ ಫೂಟು ಬಿಟ್ಟರ ಪಾವಟಿಗಿ ಕಡಿದಾಗತಾವ, ಅವ್ವನ ಮೊಣಕಾಲು ಮೊದಲೇ ಬಾತಾವ, ಹತ್ತಾಕ ಆಗಂಗಿಲ್ಲ ಅಂದ. ಮತ್ತ ನೋಡಿದವರು ನೀವೊಬ್ಬರೇ ಉಳಿದೀರಿ, ಹಂಗಂತ ನಿಮ್ಮನ್ನ ಸುಳ್ಳು ಅನ್ನಂಗಿಲ್ಲ ನಾ, ಆದರ ಕಾಗದ ಕಾಗದನೇ ಅಲ್ಲೇನ್ರಿ ಅಂದ. ಸಾಲೋಟಗ್ಯಾಗ ಸ್ಲ್ಯಾಬ್ ಕೆಲಸ ಐತಿ, ಎರಡು ದಿನ ಬಿಟ್ಟು ಬರತೇನಿ, ಅಲ್ಲೀ ತನಕ ಆಳು ಪಾಯಾ ತೋಡಂಗಿಲ್ಲ ಅಂತ ಹೇಳಿ ಹೋದ.

ಸಂಜೀಕ ಮಗಳು ಬಂದಳು. ನಡೆದದ್ದು ಹೇಳಿದೆ. ಆಕಿ ಗಾಡಿ ಮ್ಯಾಲಿಂದ ಇಳಿಯಲೇ ಇಲ್ಲ, ಹಂಗೇ ಕುಂತು ನನ್ನ ನೋಡಿದಳು.

“ಅವ ತಾನಾಗೇ ನಾಲ್ಕೂವರಿ ಕೊಟ್ಟಿದ್ದ. ನೀ ಹೋಗಿ ನಾಲ್ಕಕ್ಕೂ ಕಡಿಮಿ ಅಂತ ಹೇಳಿ ಬಂದಿ. ಅವ್ವಾ, ನಿನ್ನ ಬಾಯಿಗೆ ನಾಲ್ಕು ಗುಂಡಿ ಹಚ್ಚಿ ಬಿಡಲೇನು?”

“ಹಚ್ಚು. ಆದರ ಕಾಜಾ ಬಿಡು, ಉಣ್ಣಾಕ ತೆಗೀಬೇಕು.”

ನಗಲಿಲ್ಲ ಆಕಿ. ನಾಲ್ಕಕ್ಕೂ ಕಡಿಮಿ ಆದರ ಗಾಡಿಗೂ ಗ್ವಾಡಿಗೂ ನಡುವ ಬೆರಳು ಹಿಡಿಯಂಗಿಲ್ಲ, ಗಾಡಿ ಓಣ್ಯಾಗ ನಿಲ್ಲಿಸಿ ನಾ ಅಂಬೆಗಾಲಿಟ್ಟು ಬರಬೇಕೇನು, ಐವತ್ತರ ಹತ್ತಿರ ಬಂದೇನಿ ಅಂದಳು. ರೊಟ್ಟಿ ಹಾಕಿ ಕೊಟ್ಟೆ. ಉಂಡಳು. ಎರಡು ದಿನ ಮಾತು ಅಷ್ಟಕ್ಕಷ್ಟೇ.

ಯಾಕ ಹೇಳಿದೆ ಅಂತ ಯಾರಾದರೂ ಕೇಳಿದರ, ದೊಡ್ಡ ಧರ್ಮದ ಮಾತೇನೂ ಇಲ್ಲ. ಸುಮ್ಮನಿದ್ದರ ದೊಡ್ಡವ್ವ ನೆಲಕ್ಕ ಮೊಣಕಾಲೂರಿ ಕೊಟ್ಟದ್ದರಾಗ ಅರ್ಧ ಫೂಟು ಕಳದು ಹೋಗತಿತ್ತು, ಆಕಿ ಕೊಟ್ಟೇ ಇಲ್ಲ ಅನ್ನುವಂಗ. ಆಕಿ ಮೊಳದ ಮಾತಷ್ಟೇ ಹೇಳಿದ್ದರ, ಮುದುಕಿಗೆ ಆಸಿ ಹತ್ತೈತಿ ಅನ್ನತಿದ್ದರು. ಒಂದು ಹೇಳಬೇಕಂದರ ಇನ್ನೊಂದನ್ನೂ ಹೇಳಬೇಕು. ಗೇಣು ಬಿಟ್ಟು ಮೊಳ ಹ್ಯಾಂಗ ಆಗತೈತಿ?

ಮೂರನೇ ದಿನ ಅವ ಬಂದಾಗ ನಾ ಕೌದಿ ಎತ್ತಿಕೊಂಡು ಹೋದೆ. ಎರಡು ದಿನ ಯೋಚನಿ ಮಾಡಿ ನನಗ ಹೊಳೆದದ್ದು ಅದೊಂದೇ. ದೊಡ್ಡವ್ವನ ಮೊಳ ಈ ಭೂಮಿ ಮ್ಯಾಲೆ ಇನ್ನೆಲ್ಲಿ ಉಳಿದೈತಿ? ಮಗಳು ಅಂಗಡಿಗೆ ಹೊರಟಾಕಿ, ಗಾಡಿ ನಿಲ್ಲಿಸಿ ಅಲ್ಲೇ ಕುಂತಳು. ಅವನ ಅವ್ವನೂ ಹೊರಗ ಬಂದಳು. ಇದು ನಿಮ್ಮ ಅಜ್ಜಿ ಕೈಲೆ ಅಳೆದದ್ದು, ಅಗಲ ಮೂರು ಮೊಳ, ಹಾಸಿ ನೋಡು ಅಂದೆ. ಕಲ್ಲಿನ ಗ್ವಾಡಿಗೆ ಒಂದು ಅಂಚು ಹಚ್ಚಿ ಹಾಸಿದೆವು. ಅವನ ಸುಣ್ಣದ ಗೆರಿ ದಾಟಿ ಕೌದಿ ಎರಡು ಇಂಚು ಆಚೆ ಹೋತು. ಅಷ್ಟೇ.

ಅವ ಟೇಪು ಹಿಡಿದ. ನಾಲ್ಕು ಫೂಟು ಎಂಟು ಇಂಚು, ಐದು ಇಲ್ಲಲ್ರಿ ಆಯಿ ಅಂದ. ಸಣ್ಣ ದನಿಯಾಗೇ ಅಂದ. ನಲವತ್ತು ವರ್ಷ ಒಗದ ಕೌದಿ, ಕುಗ್ಗಿರತೈತಿ ಅಂದೆ. ಎಷ್ಟು ಕುಗ್ಗೈತಿ ಅಂತ ಕೇಳಿದ. ನನಗೇನು ಗೊತ್ತು? ಅರಿವಿ ಹೇಳತೈತೇನು ಎಷ್ಟು ಕುಗ್ಗೀನಿ ಅಂತ? ಮತ್ತ ಆ ಬೆರಳಿನ ಲೆಕ್ಕ ಕೌದ್ಯಾಗ ಬರಂಗಿಲ್ಲ. ಅರಿವಿ ಮ್ಯಾಲೆ ಬೆರಳು ಇಡಂಗಿಲ್ಲ, ಚಿವುಟಿ ಹಿಡಿತಾರ. ಇದನ್ನೂ ಹೇಳಾಕ ಬಾಯಿ ತೆಗೆದೆ. ಮಗಳು ಅಲ್ಲಿಂದ ಕಣ್ಣು ಕಿಸಿದಳು, ಇನ್ನೂ ಕಡಿಮಿ ಮಾಡಬ್ಯಾಡ ಅನ್ನುವಂಗ. ಬಿಟ್ಟೆ.

ಅವನ ಅವ್ವ ಕುಂತು ಕೌದಿ ಅಂಚು ತಿರುವಿ ನೋಡತಿದ್ದಳು. ಒಳಗಿನ ಪದರಿನಾಗ ಹಸರು ಕುಬಸದ ತುಂಡು ಕಂಡಿತು. ತನ್ನ ಅತ್ತಿದು. ಅದರ ಮ್ಯಾಲೆ ಕೈ ಇಟ್ಟಳು.

ಮಾತಾಡಿದ್ದು ನನ್ನ ಮಗಳು. ಗಾಡಿ ಮ್ಯಾಲೆ ಕುಂತೇ, ಅವನ ಕಡೆ ನೋಡಿ ಅಂದಳು:

“ತಮ್ಮಾ, ನಿನ್ನ ಅಂಗಿ ತೋಳು ಯಾವ ಅಂಗಡ್ಯಾಗೂ ಸರಿ ಬರಂಗಿಲ್ಲ ಅಂತ ನನ್ನ ಕಡೆ ಹೊಲಸತಿ. ಎಲ್ಲಾರಗಿಂತ ಎರಡು ಇಂಚು ಉದ್ದ ಬಿಡತೇನಿ ನಾ. ಯಾರ ಕೈ ಅದು ಅಂತ ಅಂದುಕೊಂಡಿ?”

ಅವ ತನ್ನ ಕೈ ನೋಡಿಕೊಂಡ. ಈ ಮಾತು ನನಗ ಹೊಳೆದಿರಲಿಲ್ಲ. ಕೌದಿ ಹೊತ್ತುಕೊಂಡು ಬಂದೆ, ದೊಡ್ಡವ್ವನ ಕೈ ಮುಂದ ನಿಂತಿತ್ತು, ನನಗ ಕಾಣಲಿಲ್ಲ. ಮಗಳು ಹತ್ತು ವರ್ಷದಿಂದ ಅದನ್ನ ಟೇಪಿಲೆ ಅಳೆದು ಪಟ್ಟ್ಯಾಗ ಬರೆದುಕೊಂಡಾಳ.

ಅವನ ಅವ್ವ ಕೌದಿ ಮಡಿಚಿ ನನ್ನ ಕೈಯಾಗ ಕೊಟ್ಟಳು. ಕೊಟ್ಟು ಮಗನಿಗೆ ಅಂದಳು, “ಕೊಡೋ ಮನಿ ಕೈ ನಿಂದು. ಕೂಡು, ಅಳೆ.”

ಅಷ್ಟೆತ್ತರದ ಗಂಡಸು ಪ್ಯಾಂಟು ಧೂಳಾಗೋದು ನೋಡದ ಮೊಣಕಾಲೂರಿದ. ಕಲ್ಲಿನ ಗ್ವಾಡಿಗೆ ಮೊಣಕೈ ಹಚ್ಚಿದ. ಕೈ ಚಾಚಿದ. ಒಂದು. ತುದಿಗೆ ಹೊಂದಿಸಿ ಮತ್ತ ಮೊಣಕೈ ಇಡಾಕ ಹೋದ.

“ಬೆರಳು ಬಿಟ್ಟಿ,” ಅಂದಳು ಅವ್ವ. “ನಿಮ್ಮ ಅಜ್ಜಿ ಎಲ್ಲಿ ನೆಲ ಅಳೆದರೂ ಬೆರಳು ಇಡತಿದ್ದಳು. ಬೆರಳಿನಷ್ಟು ಹೆಚ್ಚಿಗಿ ಕೊಡುವವರು ಬಿಡಬೇಕು.”

ಅದು ನಾ ಹೇಳಿದ್ದಲ್ಲ. ಬೆರಳಿನ ಮಾತು ಮೊದಲ ದಿನ ನಾ ಬಿಟ್ಟಿದ್ದೆ, ಮರೆತು ಬಿಟ್ಟದ್ದೇ. ಆಕಿನೇ ಹೇಳಿದಳು, ತನ್ನ ಮನಿ ಜಾಗ ಕಡಿಮಿ ಆಗೋ ಮಾತನ್ನ. ಅವ ಬೆರಳು ಇಟ್ಟ. ಎರಡು. ಬೆರಳು. ಮೂರು. ಅಲ್ಲಿ ಕೈ ಎತ್ತದ ಹಂಗೇ ಇದ್ದ. ನಾ ಸುಣ್ಣ ತಗೊಂಡು ಗೆರಿ ಹಾಕಿದೆ. ಬಗ್ಗಾಕ ಬರಂಗಿಲ್ಲ ಈಗ, ಕುಂತು ಹಾಕಿದೆ. ಮೊದಲ ಸಲ ಬೂದಿ ಹಾಕಿದವಳೂ ನಾನೇ, ಈ ಸಲ ಸುಣ್ಣ ಹಾಕಿದವಳೂ ನಾನೇ. ಟೇಪು ಹಿಡಿದರು. ಐದು ಫೂಟು ಒಂದು ಇಂಚು.

ಪಾವಟಿಗಿ ಏನು ಮಾಡಲಿ ಅಂತ ಅವ ಅವ್ವನ್ನ ಕೇಳಿದ. ನನ್ನ ಮೊಣಕಾಲಿಗೆ ಮಾಳಗಿ ಯಾಕ ಬೇಕೋ, ಹಪ್ಪಳ ಒಣಗಸಾಕ ನಿನ್ನ ಹೆಂಡತಿ ಹತ್ತತಾಳ, ನಾ ಕೆಳಗ ಕಟ್ಟಿ ಮ್ಯಾಲೆ ಕೂಡತೇನಿ, ಹೋಗಿ ಬರೋರನ್ನ ಮಾತಾಡಸತೇನಿ ಅಂದಳು. ಅತ್ತಿ ಹಂಗೇ ಸೊಸಿ. ಪಾವಟಿಗಿ ಮನಿ ಒಳಗ ಹೋದವು. ಅವನ ಪಡಸಾಲಿ ಒಂದಿಷ್ಟು ಸಣ್ಣದಾತು. ಅದನ್ನ ನಾ ಮರೆಯಂಗಿಲ್ಲ. ನನ್ನ ಮಗಳ ಗಾಡಿ ಹೊಳ್ಳಲಿ ಅಂತ ಒಂದು ಮನ್ಯಾಗ ಪಡಸಾಲಿ ಸಣ್ಣದಾಗೈತಿ. ಸಿಮೆಂಟ್ ಗ್ವಾಡಿ ಈಗ. ಮೂಲಿ ಇಟ್ಟಂಗಿ ಚೂಪು ಬಿಡದ ದುಂಡಗ ಮಾಡ್ಯಾನ. ಕೇಳಿರಲಿಲ್ಲ ನಾವು. ಗಾಡಿಗೆ ಹೊಳ್ಳಾಕ ಹಗುರಾಗತೈತಿ ಅಂದ.

ಸಂಜೀಕ ಗಾಡಿ ಸಪ್ಪಳ ಕೇಳಿದ ಕೂಡಲೇ ಒಲಿಗೆ ಹಂಚು ಇಡತೇನಿ. ಮೊದಲು ಕಟ್ಟಿ ಮುಂದ ನಿಲ್ಲತೈತಿ, ಅಲ್ಲಿ ಅವನ ಅವ್ವನ ಕೂಡ ಎರಡು ಮಾತು. ಆಮ್ಯಾಲೆ ದಾರ್ಯಾಗ ಬರತೈತಿ. ಮೂಲ್ಯಾಗ ಸಪ್ಪಳ ತಗ್ಗಂಗಿಲ್ಲ, ಹಿಂದ ಹೋಗಂಗಿಲ್ಲ, ಒಂದೇ ಸಲಕ್ಕ ಹೊಳ್ಳಿ ಬಾಗಿಲಿಗೆ ಬಂದು ನಿಲ್ಲತೈತಿ. ಅಷ್ಟರಾಗ ಹಂಚು ಕಾದಿರತೈತಿ.

ಗ್ವಾಡಿ ಏರಿದ ಮ್ಯಾಲೆ ಅವ ಹೊಸ ಕಾಗದ ಮಾಡಿಸಿಕೊಂಡು ಬಂದ, ಕಂಪ್ಯೂಟರಿನಾಗ ಹೊಡೆಸಿದ್ದು. ದಾರಿ, ಅಗಲ ಐದು ಫೂಟು ಒಂದು ಇಂಚು. ಆಯಿ ಹೆಬ್ಬಟ್ಟು ಒತ್ತರಿ ಅಂದ. ಸಹಿ ಮಾಡತೇನಿ, ಎರಡನೆತ್ತಾ ಕಲಿತೇನಿ ಅಂದೆ. ಅಕ್ಷರ ಕೂಡಿಸಿ ಪೂರಾ ಓದಿದೆ, ಬಾಳ ಹೊತ್ತು ಹಿಡೀತು. ಓದಿ, ಫೂಟಿನ ಮುಂದ ಮೊಳ 3 ಅಂತನೂ ಬರಿ ಅಂದೆ. ಫೂಟು ಇದ್ದ ಮ್ಯಾಲೆ ಮೊಳ ಯಾಕ ಅಂದ. ಬರಿ ಅಂದೆ. ಪೆನ್ನಿಲೆ ಬರೆದ.

“ಯಾರ ಮೊಳ ಅಂತ ಬರಿಯಲಿಲ್ಲ ಹೋದ ಸಲ,” ಅಂದೆ. “ಅದನ್ನೂ ಬರಿ.”

ಅವ ನಕ್ಕ. ಮೊಳ 3ರ ಮುಂದ, ಕೊಟ್ಟವರ ಕೈಲೆ, ಬೆರಳು ಹಿಡಿದು, ಅಂತ ಬರೆದ. ಆಮ್ಯಾಲೆ ನಾ ಸಹಿ ಮಾಡಿದೆ.